ಕೆಮ್ಮಿದರೆ ಇಳಿಯುವ ಮುಳ್ಳು

ಹುಕ್ಕೇರಿ
ತಾ. 29-9-1961

ಮೂಡಲಗಿಯ ವರ್ಕ್‌ಶಾಪಿನ ಯಜಮಾನರಿಗೆ ಇಂದುಬಾಯಿ ಮಾಡುವ ನಮಸ್ಕಾರ. ಜೈ ಜಿನೇಂದ್ರ. ಪ್ರಾಣಕಾಂತರೇ ಎಂದು ಬರೆಯಲು ಹೊರಟಿದ್ದೆ, ಕೈ ಒಪ್ಪಲಿಲ್ಲ. ಇಲ್ಲಿ ಮಾಂಶಿ ಆರಾಮ ಇದ್ದಾಳೆ. ನನ್ನ ಆರಾಮದ ಸುದ್ದಿ ಮುಂದೆ ಓದಿದರೆ ತಿಳಿಯುತ್ತದೆ.

ನಿಮ್ಮ ಕ್ಷಮಾವಣಿಯ ಕಾರ್ಡು ಮುಟ್ಟಿತು. ನಾನು ಮನೆ ಬಿಟ್ಟು ಅವ್ವನ ತಂಗಿ ಈ ಮಾಂಶಿಯ ಹತ್ತಿರ ಬಂದು ಮೂರು ವರ್ಷವಾಯಿತು, ನಿಮ್ಮಿಂದ ಬಂದ ಮೊದಲ ಅಕ್ಷರ ಅದು. ಮೇಲೆ ಹಬ್ಬಕ್ಕೆ ಎಲ್ಲರಿಗೂ ಕಳಿಸಲು ಅಚ್ಚು ಹಾಕಿಸಿದ ಎರಡು ಸಾಲು, ಮನ ವಚನ ಕಾಯದಿಂದ ತಪ್ಪಾಗಿದ್ದರೆ ಕ್ಷಮಿಸಬೇಕೆಂದು. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಹನ್ನೊಂದು ಸಾಲು, ಎಲ್ಲ ಯಂತ್ರದ ಮಾತು. ನನ್ನ ಅಪ್ಪ ತೀರಿಕೊಂಡ ಮೇಲೆ ವರ್ಧಮಾನಣ್ಣ ಸಂಕೇಶ್ವರದ ವರ್ಕ್‌ಶಾಪು ಮುಚ್ಚಿ ಬೆಲ್ಲದ ಅಡತಿ ವ್ಯಾಪಾರ ಹಿಡಿಯುತ್ತಾನೆ, ಅಪ್ಪನ ನಾಜಲ್ ಟೆಸ್ಟರ್ ಮಾರುತ್ತಾನೆ, ಕೊಲ್ಲಾಪುರದವರೂ ಕೇಳುತ್ತಿದ್ದಾರೆ, ರವಿವಾರದೊಳಗೆ ಹೌದು ಅಲ್ಲ ಹೇಳಬೇಕು. ಅದರ ಹಿಡಿಕೆಯ ಕೆಳಗೆ ಬೆಳೆದವಳು ನೀನು, ಹೋಗಿ ನೋಡಿ ಕೊಳ್ಳಲೋ ಬೇಡವೋ ತಿಳಿಸು ಎಂದು ಬರೆದಿರಿ. ತೀರ ಅಂಚಿನಲ್ಲಿ ನನಗೆಂದು ಒಂದು ಸಾಲು: ವರ್ಕ್‌ಶಾಪಿನ ಹಿಂದಿನ ಗೋಡೆಗೆ ಹತ್ತಿ ಹೊಸ ಅಡುಗೆಮನೆ ಕಟ್ಟಿಸುತ್ತಿದ್ದೇನೆ, ಬಂದುಬಿಡು.

ಮುಚ್ಚಿಡುವುದೇಕೆ, ಆ ಒಂದು ಸಾಲನ್ನು ಮಾಂಶಿಗೆ ಎರಡು ಸಲ ಓದಿ ಹೇಳಿದೆ. ಹೊಗೆ ತುಂಬುವ ಆ ಕತ್ತಲೆ ಮೂಲೆಯಲ್ಲಿ ಕಣ್ಣು ಉಜ್ಜಿಕೊಂಡು ಅಡುಗೆ ಮಾಡಿದ್ದನ್ನು ನೀವು ಮರೆತಿಲ್ಲ ಎಂದುಕೊಂಡೆ. ಹುಚ್ಚಿ ನಾನು.

ಒಂದು ಮಾತು ಮಾತ್ರ ಅವತ್ತೇ ಬಗೆಹರಿಯಲಿಲ್ಲ. ಮೂರು ವರ್ಷದ ಹಿಂದೆ ನಮ್ಮಿಬ್ಬರ ನಡುವೆ ಕೆಟ್ಟದ್ದು ಇದೇ ಟೆಸ್ಟರಿನಿಂದ. ಮೇಲವಂಕಿಯ ಮಾಯಪ್ಪ, ಲಾರಿಯವನು, ಒಂದು ನಾಜಲ್ ಹಿಡಿದು ನಿಮ್ಮ ಹತ್ತಿರ ಬಂದಿದ್ದ. ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಬೆರಳುದ್ದದ ಆ ಸಾಮಾನು ಕೆಟ್ಟಿದೆಯೆಂದು ಟೆಸ್ಟರಿಗೆ ಹಚ್ಚಿ ತೋರಿಸಿ ಅಪ್ಪ ಅವನಿಗೆ ಹೊಸದು ಹಾಕಿದ್ದರು. ಹಳೆಯದನ್ನು ಬಿಟ್ಟು ಬರಲು ಒಪ್ಪದೆ ಅವನು ಜೇಬಿಗೆ ಹಾಕಿಕೊಂಡಿದ್ದ. ನೀವು ಅದನ್ನೇ ಇಂಜಿನ್ನಿಗೆ ಜೋಡಿಸಿದಿರಿ, ಇಂಜಿನ್ನು ಗಡಿಯಾರದಂತೆ ನಡೆಯಿತು. ಆರು ಮಂದಿಯ ಎದುರು ನೀವು, "ನಮ್ಮ ಮಾವನವರ ಮಶೀನ್ ಸುಳ್ಳು ಹೇಳತೈತಿ" ಅಂದಿರಿ. ಮರುದಿನ ಮುಂಜಾನೆಯ ಬಸ್ಸಿಗೆ ನಾನು ಹುಕ್ಕೇರಿಗೆ ಬಂದೆ. ಸುಳ್ಳು ಹೇಳುವ ಮಶೀನನ್ನು ಈಗ ಮನೆಗೆ ತರುವ ಆಸೆ ನಿಮಗೇಕೆ ಎಂದು ಯೋಚಿಸುತ್ತಲೇ ಮಂಗಳವಾರ ಸಂಕೇಶ್ವರಕ್ಕೆ ಹೋದೆ.

ನೀವು ಪರೀಕ್ಷೆಗೆಂದು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದ ಹೊಸ ನಾಜಲ್ ಜೋಡಿಸಿ ಅಣ್ಣ ಹಿಡಿಕೆ ಒತ್ತಿದ. ಒತ್ತಡ ತೋರಿಸುವ ಮುಳ್ಳು ಏರಿ ನಿಂತಿತು. ನಾನು ಇಪ್ಪತ್ತು ಎಣಿಸಿದೆ, ಕೂದಲೆಳೆಯಷ್ಟೂ ಇಳಿಯಲಿಲ್ಲ. ಮತ್ತೂ ಒತ್ತಿದ, ಡೀಸೆಲ್ಲು ಮಂಜಿನ ಹಾಗೆ ಸಣ್ಣಗೆ ಹೊರಟಿತು. ಇಂಥ ಯಂತ್ರಕ್ಕೆ ಕೆಟ್ಟ ಹೆಸರು ಇಟ್ಟಿರಲ್ಲ ಎಂದು ನಿಮ್ಮ ಮೇಲೆ ಸಿಟ್ಟು ಬರಬೇಕು, ಅಷ್ಟರಲ್ಲಿ ಯಮಕನಮರಡಿಯ ಬೀರಸಿದ್ದಪ್ಪ ಎಂಬ ಲಾರಿಯವನು ಬಂದ. ತನ್ನ ನಾಜಲ್ ಧೋತರದ ಅಂಚಿನಿಂದ ಒರೆಸಿ, ದೇವರ ಸಾಮಾನು ಕೊಟ್ಟಂತೆ ಎರಡೂ ಕೈಯಿಂದ ಕೊಟ್ಟ. ಅಣ್ಣ ಜೋಡಿಸಿದ, ಒತ್ತಿದ. ಮುಳ್ಳು ಏರಿತು. ಅಣ್ಣ ಒಂದು ಸಲ ಕೆಮ್ಮಿದ. ಮುಳ್ಳು ಸರಸರ ಇಳಿಯಿತು. ನಾಜಲ್ ಸೋರುತ್ತದೆ, ಇದು ಸತ್ತಿದೆ ಎಂದು ಅಣ್ಣ ಹೇಳಿದ. ಬೀರಸಿದ್ದಪ್ಪ ಮುಖ ಸಣ್ಣದು ಮಾಡಿಕೊಂಡು ಹೊಸದು ಹಾಕಿಸಿಕೊಂಡು ಹೋದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅವನನ್ನು ಹೋಗಗೊಟ್ಟೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ನೀರು ಕುಡಿಯಲೆಂದು ಒಳಗೆ ಹೋದೆ. ಅಣ್ಣನ ಹೆಂಡತಿ ಜಿನ್ನವ್ವ ವೈನಿ ರೊಟ್ಟಿ ತಟ್ಟುತ್ತಿದ್ದಳು. ಅವಳ ಬಾಜೂಕ್ಕೆ ಗೋಡೆಯಿಂದ ಸಣ್ಣ ತಾಮ್ರದ ಪೈಪು ಹೊರಗೆ ಬಂದು, ಅದಕ್ಕೊಂದು ನಳ, ನಳದ ಕೆಳಗೊಂದು ಡಬ್ಬಿ. ನಳದ ಕಿವಿಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಗೋಡೆಯ ಆಚೆ ಕೆಮ್ಮಿದರೆ ಈಚೆ ನಳ ತಿರುಗುತ್ತದೆ, ಯಂತ್ರದ ಎಣ್ಣೆ ಡಬ್ಬಿಗೆ ಇಳಿಯುತ್ತದೆ, ಆಚೆ ಮುಳ್ಳು ಬೀಳುತ್ತದೆ. ಇಷ್ಟೇ ವಿದ್ಯೆ. ಅದೇ ಡೀಸೆಲ್ ಕೈಯಲ್ಲಿ ವೈನಿ ಮತ್ತೆ ಹಿಟ್ಟು ಮುಟ್ಟಿದಳು. ನನಗೆ ತಂದುಕೊಟ್ಟ ನೀರನ್ನು ಮಾತ್ರ, ಹುಳ ಸತ್ತೀತೆಂದು, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದಳು. ಆ ತಂಬಿಗೆ ನಾನು ಕೆಳಗಿಟ್ಟೆ. ಊಟಕ್ಕೆ ಏಳು ಅಂದಾಗ, ಇವತ್ತು ಏಕಾಶನ, ಒಂದೇ ಹೊತ್ತಿನ ಊಟ ಮುಗಿದಿದೆ ಎಂದು ಸುಳ್ಳು ಹೇಳಿದೆ.

ಹೊರಗೆ ಬಂದರೆ ಅಣ್ಣ ಬೀರಸಿದ್ದಪ್ಪನ ಸತ್ತ ನಾಜಲ್ಲನ್ನು ತೊಳೆದು, ಮೇಣದ ಕಾಗದದಲ್ಲಿ ಸುತ್ತಿ ಹೊಸ ಡಬ್ಬಿಗೆ ಹಾಕುತ್ತಿದ್ದ. ನಾಳೆ ಇನ್ನೊಬ್ಬನ ಲಾರಿಗೆ ಅದೇ ಹೊಸದು. ಬಾಜೂದಲ್ಲಿ ಗಿರಾಕಿಗಳಿಗೆ ಕಳಿಸಲು ಕ್ಷಮಾವಣಿಯ ಕಾರ್ಡಿನ ಕಟ್ಟು ಇತ್ತು, ಬೀರಸಿದ್ದಪ್ಪನ ಹೆಸರಿನದೂ ಅದರಲ್ಲಿತ್ತು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂತಾರಲ್ಲ, ಅದು ನಮ್ಮ ತವರುಮನೆಗೇ ಹುಟ್ಟಿದ ಮಾತು.

ನಾನು ಕೇಳಿದೆ. ಈ ನಳದ ಸಂಗತಿ ಹೇಳದೆ ನನ್ನ ಗಂಡನ ಕೊರಳಿಗೆ ಇದನ್ನು ಕಟ್ಟುತ್ತೀಯಾ ಎಂದು. ಅಣ್ಣ ನಕ್ಕ. ಅವನ ಮಾತು ಹಾಗೆಯೇ ಬರೆಯುತ್ತೇನೆ, ನೀವು ಓದಬೇಕು:

"ಅವಂಗ ಗೊತ್ತಿಲ್ಲಂತ ತಿಳದಿ ಏನು? ಶ್ರಾವಣದಾಗ ಬಂದಾಗ ಮೊದಲ ಕೇಳಿದ್ದ ಗ್ವಾಡಿ ಹಿಂದಿನ ಪೈಪ್ ಎಷ್ಟುದ್ದ ಐತಿ ಅಂತ. ಅಲ್ಲಿ ಹೊರಗಿನವರನ್ನ ಕೂಡಸಾಕ ಬರೂದಿಲ್ಲ, ಮನಿ ಹೆಣಮಗಳ ಬೇಕು, ಇಂದೂನ ಕರಸ್ತೇನಿ ಅಂದಾ."

ನಿಮ್ಮ ಕಾರ್ಡು ನನ್ನ ಚೀಲದಲ್ಲೇ ಇತ್ತು. ತೆಗೆದು ಮತ್ತೆ ಓದಿದೆ. ವರ್ಕ್‌ಶಾಪಿನ ಹಿಂದಿನ ಗೋಡೆಗೆ ಹತ್ತಿ. ಗೋಡೆಗೆ ಹತ್ತಿ ಯಾಕೆಂದು ಆಗ ತಿಳಿಯಿತು. ಶ್ರಾವಣದಲ್ಲಿ ನೀವೇ ಬಂದು ನೋಡಿ ಹೋದದ್ದು ಕಾರ್ಡಿನಲ್ಲಿ ಎಲ್ಲೂ ಇಲ್ಲ. ಸಂಕೇಶ್ವರದಿಂದ ಹುಕ್ಕೇರಿ ಎಷ್ಟು ದೂರ, ಅಷ್ಟು ಬಂದು ನನ್ನ ಮುಖ ನೋಡಲು ನಿಮಗೆ ಪುರಸೊತ್ತು ಆಗಲಿಲ್ಲ. ಪೈಪು ಅಳೆಯಲು ಆಯಿತು.

ಎದುರಿಗೆ ಹೊಸ ವರ್ಕ್‌ಶಾಪು ಆಗಿದೆ, ಗಿರಾಕಿ ಅತ್ತ ಹೋಗುತ್ತಿದ್ದಾರೆ, ಖರೆತನದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನೀವು ಅಣ್ಣನ ಮುಂದೆ ಹೇಳಿದಿರಂತೆ. ಇರಬಹುದು. ಆದರೆ ಮೂಡಲಗಿಯಲ್ಲಿ ಇದ್ದಷ್ಟು ದಿನ ಇಂಜಿನ್ನಿಗೆ ಕಿವಿ ಹಚ್ಚಿ ಕೂತ ನಿಮ್ಮನ್ನು ನಾನು ನೋಡಿದ್ದೇನೆ. ಸರಿಯಿದ್ದ ಸಾಮಾನನ್ನು ಸರಿಯಿದೆ ಎಂದು ಹೇಳಿ ಕಾಸು ಮುಟ್ಟದೆ ಗಿರಾಕಿಯನ್ನು ಕಳಿಸಿದ್ದನ್ನೂ ನೋಡಿದ್ದೇನೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು, ಹೇಸಿಗೆ ಇರಲಿಲ್ಲ. ಈಗ ನಿಮ್ಮ ಅಕ್ಷರ ಮುಟ್ಟಿದರೂ ಕೈ ತೊಳೆಯಬೇಕು ಅನಿಸುತ್ತದೆ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕೊಡದಿದ್ದರೆ ತಪ್ಪಾದೀತು. ಯಂತ್ರ ಒಳ್ಳೆಯದು. ಮಿಲಿಟರಿ ಡಿಸ್ಪೋಜಲಿನ ಹರಾಜಿನಲ್ಲಿ ತಂದದ್ದಾದರೂ ಮುಳ್ಳು ಖರೆ ಇದೆ, ಹಿಡಿಕೆಯ ಬುಡದ ವಾಶರ್ ಒಂದು ಬದಲಿಸಿದರೆ ಸಾಕು, ಇನ್ನೂ ಇಪ್ಪತ್ತು ವರ್ಷ ನಡೆಯುತ್ತದೆ. ಕೊಳ್ಳಿರಿ. ಆದರೆ ಗಾಡಿಗೆ ಹೇರುವ ಮೊದಲೇ ಪೈಪು ಕಿತ್ತು, ಅದರ ತೂತನ್ನು ಹಿತ್ತಾಳೆ ಬೆಸುಗೆ ಹಾಕಿಸಿ ಮುಚ್ಚಿಸಬೇಕು. ಅಡುಗೆಮನೆ ಬಾವಿಯ ಕಡೆ ಕಟ್ಟಿಸಬೇಕು. ಇಷ್ಟು ಮಾಡಿ ತಿಳಿಸಿದರೆ ನಾನು ಬರುತ್ತೇನೆ, ಹಳೆಯ ಹೊಗೆಯ ಮೂಲೆಯಲ್ಲೇ ಅಡುಗೆ ಮಾಡು ಅಂದರೂ ಮಾಡುತ್ತೇನೆ. ಪೈಪಿನ ಸಮೇತ ತರುವುದಾದರೆ ನಿಮ್ಮ ಕೆಮ್ಮಿಗೆ ಬೇರೆ ಹೆಣ್ಣು ನೋಡಿಕೊಳ್ಳಿರಿ.

ರವಿವಾರ ನಾಡಿದ್ದೇ. ವಿಚಾರ ಮಾಡಿ.

ನಿಮ್ಮವಳು ಎಂದು ಬರೆಯುವುದೋ ಬಿಡುವುದೋ ನಿಮ್ಮ ಉತ್ತರ ಬಂದ ಮೇಲೆ,
ಇಂದುಬಾಯಿ

ತಾ.ಕ. ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ನೀರು ಕುಡಿಯಲು ಒಳಗೆ ಹೋದೆ ಎಂದು ಬರೆದದ್ದು ಖರೆ ಅಲ್ಲ. ಅಣ್ಣ ಕೆಮ್ಮಿದ ಕೂಡಲೇ ಸ್ಟೂಲಿನ ಮೇಲೆ ಕೂತ ನನ್ನ ಬಲಗೈ ತಾನಾಗಿ ತಿರುಗಿತು; ನಳದ ಮೇಲೆ ಈಗ ಯಾರ ಕೈ ಇದೆ ಎಂದು ನೋಡಲು ಒಳಗೆ ಹೋದೆ. ಹದಿನಾರರಿಂದ ಮದುವೆಯವರೆಗೆ ಆ ನಳದ ಮೇಲೆ ಇದ್ದದ್ದು ನನ್ನ ಕೈ. ಮದುವೆಯಾದ ಮೇಲೂ ಪಂಚಮಿಗೆ ತವರಿಗೆ ಹೋದಾಗೆಲ್ಲ ಅಪ್ಪ ಅಲ್ಲೇ ಕೂಡಿಸುತ್ತಿದ್ದರು. ಮಾಯಪ್ಪ ಅಲ್ಲಿಗೆ ಬಂದದ್ದು ಅಂಥ ಒಂದು ಪಂಚಮಿಯ ಮರುದಿನ. ಅಪ್ಪ ಕೆಮ್ಮಿದರು, ನಾನು ತಿರುಗಿಸಿದೆ. ಹದಿನೈದು ದಿನಕ್ಕೆ ಅದೇ ನಾಜಲ್ ನಿಮ್ಮ ಕೈಯಲ್ಲಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಪ್ಪನ ಮಾನದ ನೆವ ಮಾಡಿ ಮನೆ ಬಿಟ್ಟೆ. ಬಿಟ್ಟವಳು ಅಪ್ಪನ ಮನೆಗೆ ಯಾಕೆ ಹೋಗಲಿಲ್ಲ ಎಂದು ನೀವು ಒಂದು ದಿನವೂ ಕೇಳಲಿಲ್ಲ. ಹೋಗಿದ್ದರೆ ಮತ್ತೆ ಗೋಡೆಯ ಹಿಂದೆ ಕೂಡಬೇಕಾಗಿತ್ತು.

ಇದನ್ನೆಲ್ಲ, ನಳ ಎಲ್ಲಿದೆ, ಯಾರು ತಿರುಗಿಸಿದರು ಎಂಬುದನ್ನೂ ಬಿಡದೆ, ಇವತ್ತು ಮುಂಜಾನೆ ಮೇಲವಂಕಿಯ ಮಾಯಪ್ಪನಿಗೆ ಬರೆದು ಟಪಾಲಿಗೆ ಹಾಕಿ ಬಂದೆ. ನಿಮಗೆ ಇದು ಮುಟ್ಟುವ ಹೊತ್ತಿಗೆ ಅವನಿಗೆ ಅದು ಮುಟ್ಟಿರುತ್ತದೆ.