ಎಡಮೂಲೆಯ ಬಿಸ್ಕತ್ತು

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಂಡು,

ಅಪ್ಪ ಕರೆಯುವ ಹೆಸರನ್ನು ಇವಳೇಕೆ ಎತ್ತಿಕೊಂಡಳು ಎಂದು ಹುಬ್ಬು ಗಂಟು ಹಾಕಬೇಡ. ಮೊದಲು ನಿನ್ನ ಪೂರ್ತಿ ಹೆಸರನ್ನೇ ಬರೆದೆ. ಬ್ಯಾಂಕಿನಿಂದ ಬಂದ ಕಾಗದದ ಹಾಗೆ ಕಂಡಿತು, ಹರಿದು ಹಾಕಿದೆ. ನೀನಾದರೂ ಏನು, ನಾನು ಈ ಮನೆಗೆ ಬಂದಾಗ ನಿನಗೆ ಒಂಬತ್ತು ವರ್ಷ. ಅಮ್ಮ ಎನ್ನಲು ಬಾಯಿ ಬರಲಿಲ್ಲ, ಚಿಕ್ಕಮ್ಮ ಎನ್ನಲು ಮನಸ್ಸಾಗಲಿಲ್ಲ. ಕೊನೆಗೆ "ಇಲ್ಲಿ ನೋಡಿ" ಎಂದೇ ಇಷ್ಟು ವರ್ಷ ಕಾಲ ತಳ್ಳಿದೆ. "ಇಲ್ಲಿ ನೋಡಿ, ನನ್ನ ಸಾಕ್ಸ್ ಎಲ್ಲಿ?" ಎನ್ನುತ್ತಿದ್ದೆ. ನಾನು ನೋಡುತ್ತಿದ್ದೆ, ಸಾಕ್ಸ್ ಸಿಗುತ್ತಿತ್ತು. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ.

ನೀನು ಅಪ್ಪನಿಗೆ ಬರೆದ ಕಾಗದ ಬಂತು. ಕೆಲಸ ಖಾಯಂ ಆಗಿದ್ದು, ಹಾಸ್ಟೆಲ್ ಬಿಟ್ಟು ಮನೆ ಮಾಡಿದ್ದು, ಅಡುಗೆಮನೆಗೆ ಎರಡು ಕಿಟಕಿ ಇರುವುದು, ಎಲ್ಲವನ್ನೂ ಅವರು ಗಟ್ಟಿಯಾಗಿ ಓದಿದರು. ಕೊನೆಯ ಸಾಲು ಬಂದಾಗ ಮಾತ್ರ ಸುಮ್ಮನೆ ಕಾಗದವನ್ನು ನನ್ನ ಕೈಗಿಟ್ಟರು. "ಅಮ್ಮನ ಓವನ್ ಕಳಿಸಿಕೊಡಿ, ಅದೊಂದು ಬಂದರೆ ಆ ಮನೆಯಿಂದ ನನಗೆ ಬೇಕಾದ್ದು ಇನ್ನೇನೂ ಇಲ್ಲ" ಎಂದು ಬರೆದಿದ್ದೆ. ನಿನ್ನ ಅಪ್ಪನ ವಿಷಯ ಗೊತ್ತಲ್ಲ. ಚಾಲಕರೊಡನೆ ಮಾತನಾಡಬೇಡಿ ಎಂಬ ಫಲಕದ ಕೆಳಗೆ ಕೂತು ಬಸ್ ಓಡಿಸಿ ಓಡಿಸಿ ಮನೆಯಲ್ಲೂ ಅದನ್ನೇ ಪಾಲಿಸುತ್ತಾರೆ. ಕಾಗದವನ್ನು ರೇಡಿಯೋದ ಕೆಳಗಿಟ್ಟು ಬೂಟಿಗೆ ಪಾಲಿಶ್ ಹಾಕಲು ಹೋದರು. ಪಾಲಿಶ್ ಹಾಕಿದ್ದ ಬೂಟಿಗೇ ಮತ್ತೆ ಹಾಕಿದರು.

ನೀನು ಕೋಪದಿಂದ ಬರೆದಿಲ್ಲ ಎಂದು ನನಗೆ ಗೊತ್ತು. ಬೇಕಾದ್ದನ್ನು ಕೇಳಿದ್ದೀಯ, ಅದು ನಿನ್ನದೇ. ಆದರೆ ಓವನ್ ಒಂದು ಹೋಗಿಬಿಟ್ಟರೆ ನೀನು ಈ ಕಡೆ ತಲೆ ಹಾಕುವುದಕ್ಕೆ ಕಾರಣವೇ ಉಳಿಯುವುದಿಲ್ಲ ಎಂದು ಅಪ್ಪನಿಗೆ ಹೆದರಿಕೆ. ಅವರ ಪರವಾಗಿ ಇದನ್ನು ತಿಳಿಸಿದ್ದೇನೆ.

ಈಗ ಓವನ್ನಿನ ವಿಷಯಕ್ಕೆ ಬರುತ್ತೇನೆ. ಸಮಾಧಾನವಾಗಿ ಓದು.

ನಾನು ಬಂದ ಹೊಸದರಲ್ಲಿ ನೀನು ಬೆರಳು ಮಡಚಿ ಎಣಿಸಿ ಹೇಳಿದ್ದೆ, ಅಮ್ಮ ಮಾಡುತ್ತಿದ್ದ ಬಿಸ್ಕತ್ತಿಗೆ ಓಟ್ಸ್, ಬೆಣ್ಣೆ, ಕಂದು ಸಕ್ಕರೆ, ಒಣದ್ರಾಕ್ಷಿ, ಸೇಬಿನ ಚೂರು ಬೀಳುತ್ತದೆ ಎಂದು. ಔಷಧದಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟುವ ನನಗೆ ಇಷ್ಟು ಸಿಕ್ಕಿದರೆ ಸಾಲದೇ? ತೂಗಿ, ಅಳೆದು, ದ್ರಾಕ್ಷಿಯನ್ನು ನೆನೆಸಿ ಒರೆಸಿ, ಎಲ್ಲವನ್ನೂ ಒಂದೇ ಅಳತೆಗೆ ತಟ್ಟಿ ಬೇಯಿಸಿದೆ. ಬಂಗಾರದ ಬಣ್ಣಕ್ಕೆ ಬಂದವು. ನೀನು ಒಂದು ತುಂಡು ಕಚ್ಚಿ, ಉಳಿದದ್ದನ್ನು ಹಲ್ಲಿನ ಗುರುತಿನ ಸಮೇತ ಡಬ್ಬಿಗೆ ವಾಪಸು ಹಾಕಿ, "ಚೆನ್ನಾಗಿದೆ, ಅಮ್ಮ ಮಾಡ್ತಿದ್ದ ಹಾಗಿಲ್ಲ" ಎಂದೆ. ಏನು ಕಮ್ಮಿ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದು ಆಡಲು ಓಡಿಹೋದೆ.

ಅಲ್ಲಿಂದ ಶುರುವಾಯಿತು ನೋಡು ನನ್ನ ಹುಚ್ಚು. ಒಂದು ಭಾನುವಾರ ಚಕ್ಕೆ ಪುಡಿ ಹಾಕಿದೆ, ಇನ್ನೊಂದು ಭಾನುವಾರ ಕಿತ್ತಳೆ ಸಿಪ್ಪೆ ತುರಿದೆ. ಓಟ್ಸ್ ಹುರಿದು ನೋಡಿದೆ, ಹುರಿಯದೆ ನೋಡಿದೆ. ಸೇಬು ಬಿಟ್ಟು ಖರ್ಜೂರ ಹಾಕಿದೆ. ಪಾಪ, ನೀನು ಪ್ರತಿಸಲವೂ ಒಂದು ತಿಂದು ಮರ್ಯಾದೆ ಉಳಿಸುತ್ತಿದ್ದೆ. ಈಗ ಗೊತ್ತಾಗಿದೆ, ನಾನು ಮಾಡಿದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ.

ಹೋದ ವಾರ, ಓವನ್ ಕೊಟ್ಟುಬಿಡುವ ಮುಂಚೆ ಕೊನೆಯದಾಗಿ ಒಂದು ತಟ್ಟೆ ಮಾಡಿ ನಿನಗೇ ಕಳಿಸೋಣ ಎಂದುಕೊಂಡೆ. ತಟ್ಟೆ ಒಳಗಿಟ್ಟು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಡುಗೆಮನೆಯೆಲ್ಲ ಹೊಗೆ. ಬಾಗಿಲಿನ ರಬ್ಬರ್ ಹರಿದು ಜೋತಾಡುತ್ತಿತ್ತು, ಶಾಖದ ಗುಂಡಿ ಎತ್ತ ತಿರುಗಿಸಿದರೂ ಕೇಳುತ್ತಿರಲಿಲ್ಲ. ಬಿಸ್ಕತ್ತುಗಳನ್ನು ನೋಡಿ ಕಣ್ಣೀರೇ ಬಂತು. ಬಲಗಡೆಯವು ಬೆಂದೂ ಬೇಯದೆ ಮೆತ್ತಗೆ, ಎಡಗಡೆಯ ಹಿಂದಿನ ಮೂಲೆಯವು ಇದ್ದಿಲು. ಸೇಬಿನ ಚೂರು ಸಕ್ಕರೆಯ ಜೊತೆ ಕರಗಿ ಅಂಟಾಗಿತ್ತು, ದ್ರಾಕ್ಷಿ ಉಬ್ಬಿ ಕರಕಲಾಗಿತ್ತು. ಕಸದ ಬುಟ್ಟಿಗೆ ಸುರಿಯಲು ತಟ್ಟೆ ಎತ್ತಿದ್ದೆ. ಅಷ್ಟರಲ್ಲಿ ಅಪ್ಪ ಕೈ ತೊಳೆದುಕೊಂಡು ಬಂದವರು ಎಲ್ಲಕ್ಕಿಂತ ಕಪ್ಪಾಗಿದ್ದ ಒಂದನ್ನು ಎತ್ತಿ ಬಾಯಿಗಿಟ್ಟರು. ನಿಂತೇ ತಿಂದರು. ಆಮೇಲೆ ಸ್ಟೂಲಿನ ಮೇಲೆ ಕೂತು ಇನ್ನೊಂದನ್ನು ತೆಗೆದುಕೊಂಡರು.

"ಇದೇ ಕಣೇ" ಎಂದರು.

ಏನು ಇದೇ ಎಂದು ಕೇಳಿದೆ.

"ಅವಳದ್ದು ಹೀಗೇ ಇರ್ತಿತ್ತು. ಒಂದು ಕಡೆ ಸೀದು ಹೋಗೋದು. ಗುಂಡು ಆ ಮೂಲೇದನ್ನೇ ಹುಡುಕಿ ಹುಡುಕಿ ತಿಂತಿದ್ಳು" ಎಂದರು.

ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಈ ಮನೆಗೆ ಬಂದ ಮೊದಲ ತಿಂಗಳೇ ರಿಪೇರಿಯವನನ್ನು ಕರೆಸಿ ಓವನ್ನಿಗೆ ಹೊಸ ರಬ್ಬರ್, ಹೊಸ ಗುಂಡಿ ಹಾಕಿಸಿದವಳು ನಾನು. ಅದು ತಪ್ಪು ಎಂದು ಈಗಲೂ ಒಪ್ಪುವುದಿಲ್ಲ, ಕೆಟ್ಟದ್ದನ್ನು ಯಾರಾದರೂ ಸರಿ ಮಾಡಿಸುತ್ತಾರೆ. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರಲ್ಲ, ಇಲ್ಲಿ ನಿಜವಾಗಿಯೂ ನೆಲ ಡೊಂಕಾಗಿತ್ತು, ಕುಣಿತ ಚೆನ್ನಾಗಿದ್ದದ್ದೇ ಆ ಡೊಂಕಿನಿಂದ. ನಾನು ಹೋಗಿ ನೆಲವನ್ನು ಸಮ ಮಾಡಿ, ಆಮೇಲೆ ವರ್ಷಗಟ್ಟಲೆ ಚಕ್ಕೆ ಪುಡಿ ಹಾಕುತ್ತಾ ಕೂತೆ. ಮಗುವಾಗಿದ್ದ ನಿನಗೆ ಅದು ಸೀದದ್ದು ಎಂದು ಹೇಗೆ ಗೊತ್ತಾಗಬೇಕು? ನಿನ್ನ ಪಾಲಿಗೆ ಬಿಸ್ಕತ್ತು ಎಂದರೆ ಅದೇ.

ಇವರಿಗೆ ಗೊತ್ತಿತ್ತಲ್ಲ, ಮೊದಲೇ ಹೇಳುವುದಕ್ಕೇನಾಗಿತ್ತು ಎಂದು ಸರಿಯಾಗಿ ತರಾಟೆಗೆ ತೆಗೆದುಕೊಂಡೆ. "ತೀರಿಹೋದೋಳ ಕೈಯಡುಗೆ ಸೀದಿರ್ತಿತ್ತು ಅಂತ ನಿನ್ನ ಹತ್ರ ಹೇಗೆ ಹೇಳ್ಲಿ? ಅವಳಿಗೆ ಅವಮಾನ ಅಲ್ವಾ?" ಎಂದರು. ಅವರ ಪಕ್ಕ ಕೂತು ನಾನೂ ಒಂದು ತಿಂದೆ. ಕಹಿಯಾಗಿತ್ತು, ಆಮೇಲೆ ಸಿಹಿಯಾಯಿತು, ಇನ್ನೊಂದು ಬೇಕೆನಿಸಿತು.

ಒಂದು ಮಾತು ಹೇಳುತ್ತೇನೆ ಗುಂಡು, ನಗಬೇಡ. ಇಷ್ಟು ವರ್ಷ ನಿನ್ನ ಅಮ್ಮ ಎಂದರೆ ನನ್ನ ಮನಸ್ಸಿನಲ್ಲಿ ಅಡುಗೆಯಲ್ಲಿ ಎತ್ತಿದ ಕೈ, ಯಾವುದರಲ್ಲೂ ಎಡವದವಳು. ಅವಳ ಜೊತೆ ಪೈಪೋಟಿಗೆ ಬಿದ್ದು ಸೋತು ಸುಸ್ತಾಗಿದ್ದೆ. ಆ ದಿನ ಮೊದಲ ಸಲ ಅವಳು ನನಗೆ ಕಂಡಳು. ಬಾಗಿಲು ಸರಿಯಾಗಿ ಮುಚ್ಚದ ಓವನ್ನಿಗೆ ಒಂದು ಚಮಚ ಸಿಕ್ಕಿಸಿ, ಕಿಟಕಿಯಲ್ಲಿ ಯಾರೊಡನೆಯೋ ಹರಟೆ ಹೊಡೆಯುತ್ತಾ ಒಳಗಿಟ್ಟದ್ದನ್ನು ಮರೆತುಬಿಡುತ್ತಿದ್ದಳಂತೆ. ಸೀದ ಮೇಲೆ, ಸೀದದ್ದೇ ರುಚಿ ಎಂದು ನಿನಗೆ ನಂಬಿಸುತ್ತಿದ್ದಳಂತೆ. ಇದೆಲ್ಲ ಅಪ್ಪನೇ ಹೇಳಿದ್ದು. ಅಂದು ಅವರು ಅಷ್ಟು ಮಾತಾಡಿದರು. ಇಂಥವಳು ಬದುಕಿದ್ದು ನನಗೆ ಪಕ್ಕದ ಮನೆಯವಳಾಗಿದ್ದರೆ ಅಕ್ಕ ಎಂದು ಕರೆದು ದಿನವೂ ಅವಳ ಅಡುಗೆಮನೆಯಲ್ಲೇ ಕೂತಿರುತ್ತಿದ್ದೆ ಎನಿಸಿತು.

ಮೊನ್ನೆ ರಿಪೇರಿಯವನು ಬಂದಿದ್ದ. ಹೊಸ ರಬ್ಬರ್ ಹಾಕಿಬಿಡುತ್ತೇನೆ, ಮೊದಲಿನ ಹಾಗೆ ಆಗುತ್ತದೆ ಎಂದ. ಈಗಲೇ ಮೊದಲಿನ ಹಾಗೆ ಆಗಿದೆ, ಮುಟ್ಟಬೇಡ ಎಂದು ಟೀ ಕುಡಿಸಿ ಕಳಿಸಿದೆ. ಅವನು ನನ್ನ ಮುಖವನ್ನು ಒಂದು ಥರಾ ನೋಡಿಕೊಂಡೇ ಹೋದ. ಓವನ್ ಕೆಟ್ಟ ಹಾಗೆಯೇ ನಿನಗೆ ಸೇರುತ್ತದೆ.

ಆದರೆ ಕಳಿಸುವುದಕ್ಕೆ ಸದ್ಯಕ್ಕೆ ದಾರಿಯಿಲ್ಲ. ನಮ್ಮ ವ್ಯಾನಿನವನು ಮಗಳ ಮನೆಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಯಾರಿಗೂ ಗೊತ್ತಿಲ್ಲ. ಜೊತೆಗೆ, ಚಮಚವನ್ನು ಯಾವ ಕಡೆಯಿಂದ ಸಿಕ್ಕಿಸಬೇಕು, ಎಷ್ಟು ಹೊಗೆ ಬಂದರೆ ತೆಗೆಯಬೇಕು ಎಂಬುದೆಲ್ಲ ಕಾಗದದಲ್ಲಿ ಬರೆದು ತಿಳಿಸುವಂಥದ್ದಲ್ಲ. ಸದ್ಯಕ್ಕೆ ಈ ಡಬ್ಬಿ ಕಳಿಸುತ್ತಿದ್ದೇನೆ. ಮೇಲಿನ ಪದರದಲ್ಲಿರುವ, ಬಲಗಡೆಯಿಂದ ತೆಗೆದು ಎರಡನೆಯ ಸಲ ಬೇಯಿಸಿದ ಚೆಂದದವು ನಿನ್ನ ಕೆಲಸದ ಕಡೆಯವರಿಗೆ, ಕೇಳಿದರೆ ನನ್ನ ಹೆಸರು ಹೇಳು. ಕೆಳಗೆ ಕಾಗದದಲ್ಲಿ ಸುತ್ತಿದವು ಎಡಮೂಲೆಯವು. ಅವನ್ನು ಯಾರಿಗೂ ಕೊಡಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎರಡು ಕಿಟಕಿ ಇದೆ ಎಂದು ಎರಡನ್ನೂ ತೆರೆದಿಟ್ಟು ಮಲಗಬೇಡ.

ಇಂತಿ ನಿನ್ನ,
"ಇಲ್ಲಿ ನೋಡಿ"

ಮರೆತ ಮಾತು: ವ್ಯಾನಿನವನು ಎಲ್ಲಿಗೂ ಹೋಗಿಲ್ಲ. ಇದನ್ನು ಬರೆಯುವಾಗ ಎದುರುಗಡೆಯೇ ನಿಂತು ವ್ಯಾನ್ ತೊಳೆಯುತ್ತಿದ್ದಾನೆ; ನಾಳೆಯೇ ತಲುಪಿಸಿ ಬರುತ್ತೇನೆ ಎಂದು ಅವನಾಗಿಯೇ ಹೇಳಿದ್ದಾನೆ. ಬೇಡ ಎಂದವಳು ನಾನು. ಅಪ್ಪನಿಗೆ ಹೆದರಿಕೆ ಎಂದು ಬರೆದೆನಲ್ಲ, ಅದೂ ಅವರದ್ದಲ್ಲ. ಓವನ್ ನಿನ್ನದು, ನೀನು ಬಂದು ಯಾವತ್ತು ಬೇಕಾದರೂ ತೆಗೆದುಕೊಂಡು ಹೋಗು. ಹೋಗುವ ಮುಂಚೆ ಒಂದೇ ಒಂದು ತಟ್ಟೆ, ನಾವಿಬ್ಬರೂ ಸೇರಿ ಸೀಯಿಸೋಣ.