ಲೇಡೀಸ್ ಬೋಗಿಯ ದಳವಾಯಿ

ನವೆಂಬರ್ 3, ಸೋಮವಾರ. ಆಫೀಸು, ಊಟದ ಹೊತ್ತು

ಮತ್ತೆ ಅದೇ ಗೋಳು. ಮಾರಿಕುಪ್ಪಂನಲ್ಲಿ ಹತ್ತಿ, ಕಿಟಕಿ ಸೀಟು ಹಿಡಿದು, ಕಣ್ಣು ಮುಚ್ಚಿದ್ದೆ. ಬಂಗಾರಪೇಟೆ ಬಂತು, ನಿದ್ದೆ ಹೋಯಿತು. ಅಂಬಿಕ ಹತ್ತಿದಳು. ಅಕ್ಕಯ್ಯಮ್ಮನ ಟಿಫನ್ ಕ್ಯಾರಿಯರ್‌ಗೆ ಮೊಬೈಲ್ ಒರಗಿಸಿದಳು, ಸೌಂಡ್ ಜೋರು ಮಾಡಿದಳು. ಕೊರಿಯಾದ ಯುದ್ಧದ ಸೀರಿಯಲ್ ಶುರು. ಅದೂ ತೆಲುಗಿನಲ್ಲಿ.

ಶನಿವಾರ ಒಂದು ಎಪಿಸೋಡ್, ಭಾನುವಾರ ಒಂದು ಬರುತ್ತದಂತೆ. ಅಂಬಿಕ ಡೌನ್‌ಲೋಡ್ ಮಾಡಿ ತರುತ್ತಾಳೆ. ಸೋಮವಾರ ಒಂದು, ಮಂಗಳವಾರ ಒಂದು. ಮಿಕ್ಕ ದಿನ ಅದರದ್ದೇ ಚರ್ಚೆ. ಇನ್ನು ನಾಲ್ಕು ವಾರಕ್ಕೆ ಮುಗಿಯುತ್ತದೆ, ಪುಣ್ಯ.

ಆ ಹೆಸರುಗಳು ಬಾಯಿಗೆ ಬರುವುದಿಲ್ಲ ಎಂದು ಇವರೇ ಇಟ್ಟುಕೊಂಡಿದ್ದಾರೆ. ಹೀರೋ — ದಳವಾಯಿ. ರಾಜನ ಕಿವಿ ಕಚ್ಚುವ ಮಂತ್ರಿ — ಹಲ್ಲಿ. ಇವತ್ತು ಹಲ್ಲಿಯ ಮಾತು ಕೇಳಿ ರಾಜ ದಳವಾಯಿಯ ಕತ್ತಿ ಕಿತ್ತುಕೊಂಡ. ಅಕ್ಕಯ್ಯಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದವಳು ಸೊಪ್ಪಿನ ಮೇಲೆಯೇ ಕಣ್ಣೀರು ಹಾಕಿದಳು.

"ಅನ್ನ ಉಂಡ ಮನೇಗೇ ಕನ್ನ ಆಕ್ತಾನಲ್ಲೇ ಅಂಬಿಕ. ಅವ್ನ ಮನೆ ಆಳಾಗ."

ಅಕ್ಕಯ್ಯಮ್ಮ ವೈಟ್‌ಫೀಲ್ಡ್‌ನ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಮಧ್ಯಾಹ್ನ ಆ ಹುಡುಗಿಯರು ಉಣ್ಣುವುದು ಇದೇ ಸೊಪ್ಪು. ಉಪ್ಪು ಹಾಕುವುದು ಉಳಿಯಿತು.

ಹತ್ತೊಂಬತ್ತು ವರ್ಷದಿಂದ ಇನ್ಶೂರೆನ್ಸ್ ಆಫೀಸಿನ ಡೆತ್ ಕ್ಲೇಮ್ ಸೆಕ್ಷನ್‌ನಲ್ಲಿ ಕೂತಿದ್ದೇನೆ. ದಿನಕ್ಕೆ ಹತ್ತು ಸಾವು ಟೇಬಲ್ ಮೇಲೆ ಬರುತ್ತವೆ. ಒಂದಕ್ಕೂ ಅತ್ತಿಲ್ಲ. ಸರ್ಟಿಫಿಕೇಟ್ ಇದೆಯಾ, ಸೀಲ್ ಇದೆಯಾ... ಅಷ್ಟೇ ನೋಡುವುದು.

ನವೆಂಬರ್ 4, ಮಂಗಳವಾರ. ಸಂಜೆ, ಮನೆ

ಈ ಮಂಡಳಿಗೆ ಹೊಸ ಸದಸ್ಯೆ ಬೇರೆ. ರೂಪ. ಕ್ಯಾಸಂಬಳ್ಳಿ ಆಚೆಯ ಹಳ್ಳಿ. ಒಂದೂವರೆ ತಿಂಗಳಿಂದ ಬರುತ್ತಿದ್ದಾಳೆ. ತಮ್ಮ ವೆಂಕಿ, ಇಪ್ಪತ್ತೆರಡು ವಯಸ್ಸು, ಟಿಪ್ಪರ್‌ಗೆ ಬೈಕ್ ಗುದ್ದಿ ತಲೆಗೆ ಪೆಟ್ಟು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ. ರಾತ್ರಿ ಚಿಕ್ಕಪ್ಪ ಕಾಯುತ್ತಾನೆ, ಹಗಲು ಇವಳು. ಅಪ್ಪ ಇಲ್ಲ, ತಾಯಿಗೆ ಕಿವಿ ಕೇಳದು. ಏನೇ ಸಹಿ ಹಾಕುವುದಿದ್ದರೂ ಇವಳೇ.

ಇಷ್ಟೆಲ್ಲ ಇದ್ದೂ ಅವಳಿಗೆ ದಳವಾಯಿಯ ಚಿಂತೆ. ಇವತ್ತು ತಡೆಯಲಾರದೆ ಕೇಳಿಯೇಬಿಟ್ಟೆ — ಅಲ್ಲಮ್ಮ, ನಿನಗೆ ಈ ಸೀರಿಯಲ್ ಹುಚ್ಚು ಯಾಕೆ?

"ನಾನು ಮೊದಲ್ನೇ ದಿನ ಈ ರೈಲ್ ಅತ್ದಾಗ ದಳವಾಯಿ ಬಾಣ ಬಿದ್ದು ಗ್ಯಾನ ಇಲ್ದೆ ಮಲಗಿದ್ದ ಆಶಕ್ಕ. ನಮ್ ವೆಂಕಿ ಅಂಗೇ. ದಳವಾಯಿ ಕಣ್ ಬಿಟ್ಟ ದಿನಾನೇ ಇವ್ನೂ ಬೆರಳ್ ಆಡ್ಸ್ದ. ಅವ್ನು ಗೆದ್ದು ಮನೇಗೆ ಓದ್ರೆ ಇವ್ನೂ ಬತ್ತಾನೆ."

"ಬತ್ತಾನೆ ಬಿಡವ್ವ," ಎಂದಳು ಅಕ್ಕಯ್ಯಮ್ಮ. ಅಂಬಿಕಳೂ ತಲೆಯಾಡಿಸಿದಳು. ಅಂಬಿಕಳ ಮೊಬೈಲಿಗೆ ಅರಿಶಿನದ ಕೊಂಬು ಕಟ್ಟಿದ್ದಾರೆ, ಹಳದಿ ದಾರದಲ್ಲಿ. ಎಪಿಸೋಡ್ ಶುರುವಾಗುವ ಮೊದಲು ಎಲ್ಲರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ದಿನಾ ನನ್ನ ಜೊತೆಯೇ ರೈಲು ಹತ್ತುವ, ನಮ್ಮ ಬೀದಿಯ ತಮಿಳು ಹೆಂಗಸು ಮಾರಿಯಮ್ಮನೂ. ಅವಳ ಮೇಲೆ ಸ್ವಲ್ಪ ಗೌರವವಿತ್ತು, ಅದೂ ಹೋಯಿತು.

ಹೋದ ವಾರವೇ ಗೂಗಲ್ ಮಾಡಿ ನೋಡಿದ್ದೇನೆ. ಕಥೆಯಲ್ಲಿ ದಳವಾಯಿ ಸಾಯುತ್ತಾನೆ. ಕೊನೆಯ ದಿನ, ಗೆದ್ದ ಮೇಲೆ, ಓಡುವ ಶತ್ರು ತಿರುಗಿ ಬಿಟ್ಟ ಬಾಣಕ್ಕೆ. ಎರಡು ನಿಮಿಷದ ಕೆಲಸ. ಈ ನಾಲ್ವರಲ್ಲಿ ಒಬ್ಬಳಿಗೂ ಅಷ್ಟು ಬುದ್ಧಿ ಇಲ್ಲ.

ನವೆಂಬರ್ 10, ಸೋಮವಾರ. ಆಫೀಸು

ಕೋಟೆಯೊಳಗೆ ಅಕ್ಕಿ ಮುಗಿಯಿತು. ಸೈನಿಕರು ಮರದ ತೊಗಟೆ ಕುದಿಸಿ ಕುಡಿದರು. ದಳವಾಯಿ ತನ್ನ ಪಾಲನ್ನೂ ಕುಂಟನೊಬ್ಬನಿಗೆ ಕೊಟ್ಟ. ಬೋಗಿಯಲ್ಲಿ ಯಾರೂ ತಿಂಡಿಯ ಡಬ್ಬಿ ತೆಗೆಯಲಿಲ್ಲ.

"ಪಾವಂ, ಅವನು ಹಸ್ಕೊಂಡು ಇರ್ವಾಗ ಎಪ್ಪಡಿ ತಿನ್ನೋದು," ಎಂದಳು ಮಾರಿಯಮ್ಮ.

ನಾನು ತಿಂದೆ. ನಾಲ್ಕು ಇಡ್ಲಿ, ಟೇಕಲ್‌ನಿಂದ ಮಾಲೂರಿನವರೆಗೆ, ನಿಧಾನವಾಗಿ, ಚಟ್ನಿ ನೆಕ್ಕಿಕೊಂಡು. ಅಕ್ಕಯ್ಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು, ಹಲ್ಲಿಯನ್ನು ನೋಡುವ ಹಾಗೆ. ನೋಡಲಿ.

ಹೊಟ್ಟೆಕಿಚ್ಚೂ ಇರಬಹುದು. ನಾಲ್ಕು ಜನ ಒಟ್ಟಿಗೆ ಅಳುವಾಗ ಎದುರು ಸೀಟಿನಲ್ಲಿ ಒಬ್ಬಳೇ ಕೂತಿರುವುದು ಅಷ್ಟೇನೂ ಸುಖವಲ್ಲ. ಆದರೆ ಅದಕ್ಕಾಗಿ ಹುಚ್ಚರ ಜೊತೆ ಸೇರಲಾಗುತ್ತದೆಯೇ.

ನವೆಂಬರ್ 13, ಗುರುವಾರ. ಸಂಜೆಯ ರೈಲು

ವೆಂಕಿಗೆ ಆಪರೇಷನ್ ಅಂತೆ. ತಲೆಯೊಳಗೆ ನೀರು ಕಟ್ಟಿದೆ, ಅದನ್ನು ಇಳಿಸಲು ಪೈಪು ಇಡಬೇಕು. ಇಡದಿದ್ದರೆ ಕಷ್ಟ ಎಂದಿದ್ದಾರೆ. ಇಟ್ಟರೂ ಗ್ಯಾರಂಟಿ ಕೊಟ್ಟಿಲ್ಲ. ಇಪ್ಪತ್ತೈದನೇ ತಾರೀಕು, ಮಂಗಳವಾರ.

"ದಳವಾಯಿದೂ ಅವತ್ತೇ ಕೊನೇದು," ಎಂದಳು ರೂಪ. ಮುಖ ಅರಳಿತ್ತು. "ನೋಡ್ದ್ರಾ ಅಕ್ಕಯ್ಯಮ್ಮ, ದೇವ್ರು ಎಂಗೆ ದಿನ ಕೂಡ್ಸವ್ನೆ."

ಅಂಬಿಕ ಕಿಟಕಿಯ ಆಚೆ ನೋಡಿದಳು. ಅಕ್ಕಯ್ಯಮ್ಮ ಕ್ಯಾರಿಯರ್‌ನ ಕೊಂಡಿ ತೆಗೆದು ಹಾಕಿದಳು, ಮತ್ತೆ ತೆಗೆದು ಹಾಕಿದಳು. ಕೊನೆಗೆ ಮಾರಿಯಮ್ಮ "ನಲ್ಲದು, ಒಳ್ಳೇದು" ಎಂದಳು. ಖುಷಿಗೆ ಬಾಯಿ ಕಟ್ಟಿರಬೇಕು, ದಡ್ಡಿಯರಿಗೆ.

ತಲೆ ಕೊಯ್ಯುವ ದಿನವನ್ನು ಸೀರಿಯಲ್‌ಗೆ ಕಟ್ಟಿಕೊಂಡಿದ್ದಾಳೆ. ಸಿಟ್ಟು ಬಂತು. ಆಸ್ಪತ್ರೆಯ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಾಗ ದಳವಾಯಿ ಸತ್ತ ಎಂದು ಅವಳಿಗೆ ಗೊತ್ತಾದರೆ?

ನವೆಂಬರ್ 18, ಮಂಗಳವಾರ. ಆಫೀಸು

ಹೇಳಿಬಿಟ್ಟೆ.

ದಳವಾಯಿ ಇವತ್ತು ಕತ್ತಿ ವಾಪಸ್ ಪಡೆದ. ಹಲ್ಲಿಯನ್ನು ಕಟ್ಟಿಹಾಕಿದರು. ಬೋಗಿಯ ತುಂಬ ಚಪ್ಪಾಳೆ, ಆಚೆಯ ಸಾಲಿನವರೂ ಬಂದು ನಿಂತಿದ್ದರು. ಅಕ್ಕಯ್ಯಮ್ಮ ರೂಪಳಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಇವತ್ತಲ್ಲದಿದ್ದರೆ ಮುಂದಿನ ಮಂಗಳವಾರ ಗೊತ್ತಾಗುವುದೇ. ಅವಳ ಒಳ್ಳೆಯದಕ್ಕೇ ಅಂದುಕೊಂಡೆ. ಪೂರ್ತಿ ಅಷ್ಟೇ ಅಲ್ಲ, ಆ ಚಪ್ಪಾಳೆ ನಿಲ್ಲಿಸಬೇಕು ಎಂದೂ ಇತ್ತು.

"ಅವನು ಸಾಯ್ತಾನೆ," ಎಂದೆ. "ಕೊನೇ ಎಪಿಸೋಡಲ್ಲಿ. ಗೆದ್ದ ಮೇಲೆ, ಬಾಣ ಬಿದ್ದು. ತಗೊ, ಓದು." ಫೋನ್ ಹಿಡಿದು ತೋರಿಸಿದೆ.

ಅಳು ಬರುತ್ತದೆ ಎಂದುಕೊಂಡಿದ್ದೆ. ದಿನಾ ಅಳುವವರು, ಒಬ್ಬರೂ ಅಳಲಿಲ್ಲ. ರೂಪ ಪೂರ್ತಿ ಓದಿದಳು. "ಓ" ಎಂದಳು. ಫೋನ್ ವಾಪಸ್ ಕೊಟ್ಟಳು. ಆಮೇಲೆ ಇಳಿಯುವವರೆಗೂ ಬುತ್ತಿಯ ಚೀಲ ತಬ್ಬಿಕೊಂಡು ಕೂತಿದ್ದಳು. ಉಳಿದ ಮೂವರು ನನ್ನತ್ತ ನೋಡಲೂ ಇಲ್ಲ.

ಇವರಿಗೆ ನಿಜ ಹೇಳಿದರೂ ತಪ್ಪು.

ನವೆಂಬರ್ 20, ಗುರುವಾರ. ಸಂಜೆ

ಎರಡು ದಿನದಿಂದ ರೂಪ ಇಲ್ಲ. ಅವಳ ಜಾಗದಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿದಿದ್ದರು. ಖಾಲಿಯೇ ಹೋಯಿತು.

ಸಂಜೆ ಆಂಡರ್ಸನ್‌ಪೇಟೆಯಲ್ಲಿ ತರಕಾರಿ ಅಂಗಡಿಯ ಮುಂದೆ ಮಾರಿಯಮ್ಮ ಸಿಕ್ಕಳು. ನಾನೇ ಮಾತಾಡಿಸಿದೆ. ಬದನೆಕಾಯಿ ಆರಿಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

"ನಮಗೂ ತೆರಿಯುಂ ಆಶಾ. ಒಂದು ತಿಂಗಳಿಂದ ಗೊತ್ತು. ಅಂಬಿಕ ಮೊದಲೇ ಫೋನಲ್ಲಿ ನೋಡಿಬಿಟ್ಳು. ಗೆಲ್ಲೋ ವರೆಗೂ ತೋರ್ಸೋಣ, ಕೊನೇದು ಡೌನ್‌ಲೋಡ್ ಆಗ್ಲಿಲ್ಲ ಅಂತ ಹೇಳೋಣ, ಆಪರೇಷನ್ ಮುಗೀಲಿ ಅಂತ ಮಾತಾಗಿತ್ತು."

ಮತ್ತೆ ದಿನಾ ಆ ಅಳು ಯಾತಕ್ಕೆ ಎಂದು ಕೇಳಿದೆ.

"ದಳವಾಯಿಗೆ ಅಂತ ಅವಳ ಮುಂದೆ ಅಳಬಹುದು. ಅವಳ ತಮ್ಮನಿಗೆ ಅಂತ ಅಳಕ್ಕಾಗತ್ತಾ?"

ಆಮೇಲೆ ಉಳಿದದ್ದನ್ನೂ ಹೇಳಿದಳು. ಆಪರೇಷನ್ ಬೇಡ ಎಂದು ಅಂಬಿಕಳಿಗೆ ಫೋನ್ ಮಾಡಿ ಹೇಳಿದ್ದಾಳಂತೆ ರೂಪ. ಸಹಿ ಹಾಕುವುದಿಲ್ಲವಂತೆ. ಸೋಮವಾರ ಆಂಬುಲೆನ್ಸ್ ಮಾಡಿ ಊರಿಗೆ ಕರೆತರುತ್ತಾಳಂತೆ. ಹೋಗುವ ಜೀವ ಮನೆಯಲ್ಲೇ ಹೋಗಲಿ ಎಂದಳಂತೆ. ಮಾರಿಯಮ್ಮ ಬದನೆಕಾಯಿಯನ್ನು ತಕ್ಕಡಿಗೆ ಹಾಕಿ, ತೂಗಿಸಿಕೊಂಡು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ದಿನಾ ಹೇಳುತ್ತಿದ್ದಳು. ಕೇಳಿದ್ದು ಯಾವಾಗ ನಾನು.

ಬುದ್ಧಿ ಇಲ್ಲದವರು ನಾಲ್ವರಲ್ಲ. ಒಬ್ಬಳೇ.

ನವೆಂಬರ್ 21

ಹತ್ತು ಫೈಲು. ಒಂದರಲ್ಲಿ ವಯಸ್ಸು 22. ಬೇರೆ ಊರು, ಬೇರೆ ಹೆಸರು. ನೋಡಲಾಗಲಿಲ್ಲ. ಪಕ್ಕದ ಟೇಬಲ್‌ಗೆ ತಳ್ಳಿದೆ.

ನವೆಂಬರ್ 23, ಭಾನುವಾರ. ಸಂಜೆ

ಕೊನೆಯ ಎಪಿಸೋಡ್ ಬೆಳಿಗ್ಗೆ ಬಂತು. ರೂಪಳ ಊರಿಗೆ ಹೊರಟು, ಕ್ಯಾಸಂಬಳ್ಳಿ ಬಸ್ಸಿನಲ್ಲಿ ಕೂತು ನೋಡಿದೆ. ಸುಳ್ಳು ಹೇಳುವವಳಿಗೆ ನಿಜ ಪೂರ್ತಿ ಗೊತ್ತಿರಬೇಕಲ್ಲ. ಸತ್ತ. ಸಾಯುವುದಕ್ಕೆ ಹನ್ನೊಂದು ನಿಮಿಷ ತೆಗೆದುಕೊಂಡ, ನಡುವೆ ಎರಡು ಹಾಡು. ಅಷ್ಟು ಹೊತ್ತು ಬಾಣ ಎದೆಯಲ್ಲಿಟ್ಟುಕೊಂಡು ಯಾರಾದರೂ ಭಾಷಣ ಮಾಡುತ್ತಾರೆಯೇ? ನಾನೂ ಅತ್ತುಬಿಟ್ಟೆ. ಬರೆದಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನೀರಿನ ಬಾಟ್ಲಿ ಕೊಟ್ಟಳು.

ರೂಪಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಮಂಚ ತೊಳೆದು ಬಿಸಿಲಿಗೆ ಹಾಕಿದ್ದಳು. ಹೊಸ ನವಾರು ಬಿಗಿಯುತ್ತಿದ್ದಳು. ತಮ್ಮನನ್ನು ಮಲಗಿಸಲು.

ನಿಂತಲ್ಲೇ ಹೇಳಿದೆ. "ನಾನು ಅವತ್ತು ತೋರಿಸಿದ್ದು ತಪ್ಪು. ಅದು ಬೇರೆ ಯಾವನೋ ದಳವಾಯಿ. ಇವತ್ತು ಕೊನೇದು ಬಂತು, ನೋಡಿದೆ. ಇವನು ಬದುಕ್ತಾನೆ. ಹೊಳೆ ದಾಟಿ ಮನೇಗೆ ಹೋಗ್ತಾನೆ."

ನವಾರು ಹಿಡಿದುಕೊಂಡೇ ನೋಡಿದಳು. "ನೀವೇ ನೋಡಿದ್ರಾ ಆಶಕ್ಕ?"

"ನೋಡಿದೆ."

"ಅತ್ರಾ?"

"ಗೆದ್ದವನಿಗೆ ನಾನ್ಯಾಕೆ ಅಳಲಿ."

ನನ್ನ ಕಣ್ಣು ಊದಿಕೊಂಡಿತ್ತು. ರೂಪ ಅದನ್ನೇ ನೋಡಿ ಒಳಗೆ ಹೋದಳು. ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಬಸ್ಸು ಮೂರು ಗಂಟೆಗೆ ಐತೆ ಎಂದಳು. ಸಹಿಯ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಇಷ್ಟು ಕೆಟ್ಟ ಸುಳ್ಳನ್ನು ನನ್ನ ಟೇಬಲ್‌ಗೆ ಯಾರಾದರೂ ತಂದಿದ್ದರೆ ಅವತ್ತೇ ರಿಜೆಕ್ಟ್ ಮಾಡುತ್ತಿದ್ದೆ.

ನವೆಂಬರ್ 25, ಮಂಗಳವಾರ. ಬೆಳಿಗ್ಗೆ 10.40, ಆಸ್ಪತ್ರೆ

ರಜೆ ಹಾಕಿದ್ದೇನೆ. ಆಪರೇಷನ್ ಥಿಯೇಟರ್ ಹೊರಗಿನ ಬೆಂಚು.

ಬಂಗಾರಪೇಟೆಯಲ್ಲಿ ರೂಪ ಹತ್ತಿದಳು, ಬುತ್ತಿ ಹಿಡಿದು. ನಿನ್ನೆ ಆಂಬುಲೆನ್ಸ್ ಬೇಡ ಎಂದಳಂತೆ. ಡೌನ್‌ಲೋಡ್ ಆಗಲಿಲ್ಲ ಎಂದು ಅಂಬಿಕ ಶುರು ಮಾಡಿದಳು. ರೂಪ "ಪರ್ವಾಗಿಲ್ಲ ಬಿಡು" ಎಂದಳು. ಅಕ್ಕಯ್ಯಮ್ಮ ಸರಿದು ನನಗೆ ಜಾಗ ಬಿಟ್ಟಳು. ನನ್ನ ಮುಖ ನೋಡದೆ ಬಿಟ್ಟಳು, ಆದರೂ ಬಿಟ್ಟಳು.

ಇಲ್ಲಿ ಒಂಬತ್ತಕ್ಕೆ ಸಹಿ ಹಾಕಿದಳು. ಮೂರು ಕಡೆ. ಹುಡುಗನನ್ನು ತಳ್ಳಿಕೊಂಡು ಒಳಗೆ ಹೋದರು. ತಲೆ ಬೋಳಿಸಿದ್ದರು, ಬಹಳ ಚಿಕ್ಕವನ ಹಾಗೆ ಕಂಡ. ಚಿಕ್ಕಪ್ಪ ಔಷಧಿಯ ಚೀಟಿ ಹಿಡಿದು ಕೆಳಗೆ ಹೋದ. ಆಮೇಲೆ ನಾವಿಬ್ಬರೇ.

"ಭಾನುವಾರ ನೀವು ಬರೋಕ್ ಮುಂಚೇನೇ ನೋಡಿದ್ದೆ ಆಶಕ್ಕ. ಪಕ್ಕದ್ಮನೆ ಫೋನಲ್ಲಿ. ಸತ್ತೋದ."

ಮತ್ತೆ ಸಹಿ ಯಾಕೆ ಹಾಕಿದೆ ಎಂದೆ.

"ಆಶಕ್ಕನ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ಲ ಅಂತಾರೆ ರೈಲಲ್ಲಿ ಎಲ್ರೂ. ಅಂತೋರು ಬಸ್ ಅತ್ಕೊಂಡು ನಮ್ಮೂರ್ಗಂಟ ಸುಳ್ ಏಳಕ್ಕೆ ಬಂದ್ರಿ. ಅಂಗಾದ್ರೆ ಏನ್ ಬೇಕಾದ್ರೂ ಆಗ್ಬೋದು ಅನ್ನಿಸ್ತು." ಸ್ವಲ್ಪ ಹೊತ್ತು ಬಾಗಿಲ ಮೇಲಿನ ಕೆಂಪು ದೀಪ ನೋಡಿದಳು. "ಆ ಸುಳ್ನೇ ಏಳಿ ಆಶಕ್ಕ. ಹೊಳೆ ದಾಟ್ದ ಅಂದ್ರಲ್ಲ. ಆಮ್ಯಾಕೆ?"

ಹೇಳಿದೆ. ದಡ ಹತ್ತಿದ. ಕುದುರೆ ಇಳಿದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಾಲಿಗೆ ನೀರು ಕೊಟ್ಟಳು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈದಳು. ರೂಪ ನಕ್ಕಳು. ಈಗ ನೀರು ಹಿಡಿಯಲು ಹೋಗಿದ್ದಾಳೆ. ಬಂದ ಮೇಲೆ ಮುಂದಿನದು ಬೇಕು.

11.10. ಕೆಂಪು ದೀಪ ಉರಿಯುತ್ತಲೇ ಇದೆ.

ಮುಂದೆ ಅವನನ್ನು ಊಟಕ್ಕೆ ಕೂರಿಸಬೇಕು. ಕೊರಿಯಾದಲ್ಲಿ ಏನು ಉಣ್ಣುತ್ತಾರೋ ಯಾರಿಗೆ ಗೊತ್ತು. ಮುದ್ದೆ ಎಂದೇ ಹೇಳುತ್ತೇನೆ. ಬಿಸಿ ಮುದ್ದೆ, ಬಸ್ಸಾರು. ಅವಸರ ಮಾಡಬಾರದು, ಒಂದೊಂದೇ ತುತ್ತು. ಒಂದು ಉಂಡ. ಎರಡು ಉಂಡ. ಇನ್ನೊಂದು ಮುದ್ದೆ ಹಾಕು ಎಂದು ಹೆಂಡತಿಯ ಕಡೆಗೆ ಕೈ... ದೀಪ ಆರಿತು.