ನಲವತ್ತೊಂದನೆಯ ಕಂತು

ವಿದ್ಯಾಗಿರಿ, ಬಾಗಲಕೋಟೆ
೧೮ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ನಿಮ್ಮ ಗೌತಮಿಯ ನಮಸ್ಕಾರ. ಬಾದಾಮಿ ಬಿಟ್ಟು ಬಂದು ಆರು ತಿಂಗಳಾಯಿತು, ಒಂದು ಕಾಗದ ಬರೆಯಲಿಲ್ಲ. ಬೈಯಬೇಡಿ. ದಿನಾ ಫೋನಿದೆಯಲ್ಲ ಎನ್ನುತ್ತೀರಿ, ಆದರೆ ಇದು ಫೋನಿನಲ್ಲಿ ಹೇಳುವ ಮಾತಲ್ಲ. ಕನ್ನಡದಲ್ಲಿ ಇದು ನನ್ನ ಮೊದಲ ಕಾಗದ! ಇಂಗ್ಲಿಷ್ ಶಾಲೆಗೆ ಹಾಕಿದವರು ನೀವೇ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನು ತೆಗೆದುಕೊಳ್ಳಿ, ಮಾಸ್ತರರೇ.

ನಾನು ಸುಖವಾಗಿದ್ದೇನೆ. ಎಷ್ಟು ಸುಖ ಎಂದರೆ ನನಗೇ ನಾಚಿಕೆ ಬರುತ್ತದೆ! ಮಿಲಿಂದ ನನ್ನ ಸುಟ್ಟ ರೊಟ್ಟಿಗೂ ‘ಭಾರಿ ಆಗ್ಯಾವ’ ಎನ್ನುತ್ತಾನೆ. ಮದುವೆಯ ಉಡುಗೊರೆಯಾಗಿ ಏನು ಬೇಕು ಎಂದು ಕೇಳಿದಾಗ ನಾನು ಬಂಗಾರ ಕೇಳಲಿಲ್ಲ, ‘ಗಿರಮಿಟ್ ಗಂಗಿ’ ಕೇಳಿದೆ. ನೆನಪಿದೆಯಲ್ಲ? ಭಾನುವಾರದ ಪೇಪರಿನ ನಾಲ್ಕು ಚೌಕದ ಚಿತ್ರಕಥೆ. ಕುಳಗೇರಿ ಕ್ರಾಸಿನಲ್ಲಿ ಅವ್ವನ ಜೊತೆ ಮಂಡಕ್ಕಿ ಗಿರಮಿಟ್ ಮಾರುವ, ಎರಡು ಜಡೆಯ ಗಂಗಿ. ಪೇಪರ್ ಬಾಗಿಲಿಗೆ ಬಿದ್ದ ಕೂಡಲೇ ನಾನೇ ಓಡಿ ತರುತ್ತಿದ್ದೆ. ಕನ್ನಡ ಓದಲು ಬಾರದ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀವು ಗಂಗಿಗೊಂದು ದನಿ, ಅವಳ ಅವ್ವನಿಗೊಂದು ದನಿ ಮಾಡಿ ಓದುತ್ತಿದ್ದಿರಿ. ಅದನ್ನೆಲ್ಲ ಒಟ್ಟುಮಾಡಿ ಪುಸ್ತಕ ಹೊಲಿಸಿ ನಿಮ್ಮ ಕೈಗೇ ಕೊಡಬೇಕೆಂದಿದ್ದೆ.

ಆ ಪತ್ರಿಕೆ ಮುಚ್ಚಿಯೇ ಹತ್ತು ವರ್ಷವಾಯಿತಂತೆ. ಹುಡುಕಿದೆವು ನೋಡಿ, ರದ್ದಿ ಅಂಗಡಿ ಬಿಡಲಿಲ್ಲ! ಚಿತ್ರ ಬರೆಯುತ್ತಿದ್ದ ಈರಪ್ಪನವರು ತೀರಿಕೊಂಡು ಬಹಳ ಕಾಲವಾಗಿದೆ. ಗಂಗಿ ಮೊದಲು ಬಂದದ್ದು ೧೯೮೬ರಲ್ಲಿ, ಐವತ್ತೆರಡು ವಾರ. ನಾವು ಓದಿದ್ದು ೨೦೦೫ರ ಮರುಮುದ್ರಣ. ಅದರ ಪೂರ್ತಿ ಕಟ್ಟು ನಮ್ಮ ಓಣಿಯ ನಿವೃತ್ತ ಪ್ರೊಫೆಸರರ ಅಟ್ಟದಲ್ಲೇ ಸಿಕ್ಕಿತು. ಆದರೆ ಒಂದು ತೊಡಕು. ನಲವತ್ತನೆಯ ಕಂತಿನ ಮುಂದಿನ ವಾರ, ಹಿಂದೆ ಬಂದಿದ್ದ ಹನ್ನೆರಡನೆಯದೇ ಮತ್ತೆ ಬಂದಿದೆ. ಅದರ ಮುಂದೆ ನೇರ ನಲವತ್ತೆರಡು. ನಲವತ್ತೊಂದು ಇಲ್ಲವೇ ಇಲ್ಲ. ಅಲ್ಲಿಂದಾಚೆ ಗಂಗಿಯ ಅವ್ವನೂ ಇಲ್ಲ.

ಅವ್ವ ಇಳಕಲ್ಲಿಗೆ ಸೀರೆ ತರಲು ಹೋಗಿದ್ದಾಳೆ ಎಂದು ನೀವು ಓದಿದ್ದಿರಿ. ಈಗ ನಾನೇ ಅಕ್ಷರ ಕೂಡಿಸಿ ಓದಿದೆ ಅಪ್ಪಾ. ಯಾವ ಚೌಕದಲ್ಲೂ ಆ ಮಾತಿಲ್ಲ.

ಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದ ಮುರ್ತುಜಸಾಬರು ಇಳಕಲ್ಲಿನಲ್ಲಿದ್ದಾರೆ ಎಂದು ತಿಳಿದು ಹೋದ ಭಾನುವಾರ ಸ್ಕೂಟರಿನಲ್ಲಿ ಹೋದೆವು. ಅವರ ಹೆಂಡತಿ ರಂಜಾನಬಿ ಬಾಗಿಲಲ್ಲೇ ಮಿಲಿಂದನನ್ನು ಹಿಡಿದುಕೊಂಡರು. “ಏನಪಾ, ಹೊಸಾ ಹೇಣ್ತಿನ್ನ ಹಳೇ ಪೇಪರ್ ಹುಡುಕಾಕ ಕರಕೊಂಡ ಬಂದೀಯೇನು? ಇಳಕಲ್ಲಿಗೆ ಬಂದು ಸೀರಿ ಕೊಡಸ್ಲಿಲ್ಲ ಅಂದ್ರ ನಾ ಒಳಗ ಬಿಡಂಗಿಲ್ಲ!” ನಾನು ನಕ್ಕು ನಕ್ಕು ಸುಸ್ತಾದೆ.

ಮುರ್ತುಜಸಾಬರು ಒಂದು ದಪ್ಪ ಫೈಲು ತಂದರು. ೧೯೮೬ರ ಎಲ್ಲ ಕಂತುಗಳನ್ನೂ ಕತ್ತರಿಸಿ ಸಾಲಾಗಿ ಅಂಟಿಸಿದ್ದಾರೆ. ನಲವತ್ತೊಂದರ ಜಾಗದಲ್ಲಿ ಮಾತ್ರ ಒಂದು ಮುಚ್ಚಿದ ಲಕೋಟೆ, ಅದರ ಮೇಲೊಂದು ಪೋಸ್ಟ್ ಕಾರ್ಡು.

“ಗಂಗಿ ಅವ್ವ ಸಾಯೋದು ಅದರಾಗರಿ. ಎರಡನೇ ಸಲ ಛಾಪಿಸೂಮುಂದ ಈ ಕಾರ್ಡು ಬಂತು. ಒಬ್ಬ ಓದುಗನ ಸಲುವಾಗಿ ಕತಿ ಬಿಡಾಕ ಆಗಂಗಿಲ್ಲ ಅಂದ್ರು ಸಂಪಾದಕರು. ನಾ ಹೂಂ ಅಂದೆ. ಪುಟ ಕಟ್ಟೂಮುಂದ ಹನ್ನೆರಡನೇದ್ದು ತಂದು ಅಂಟಿಸಿಬಿಟ್ಟೆ. ಸೋಮವಾರ ಹೊಟ್ಟಿ ತುಂಬ ಬೈಸ್ಕೊಂಡೆ.”

ಕಾರ್ಡಿನ ‘ಳ’ದ ಬಾಲ ನೋಡಿದ ಕೂಡಲೇ ನನಗೆ ಗೊತ್ತಾಯಿತು. ನೀವು ಬರೆದದ್ದು ಹೀಗಿತ್ತು: “ಮಾನ್ಯರೇ, ಈ ಕಥೆಯನ್ನು ನಾನು ಮೊದಲ ಸಲವೇ ಓದಿದ್ದೇನೆ. ನಲವತ್ತೊಂದರಲ್ಲಿ ಏನಿದೆ ಎಂದು ಬಲ್ಲೆ. ನನ್ನ ಮಗಳಿಗೆ ಏಳು ವರ್ಷ. ಅವಳ ತಾಯಿ ಹೋದ ತಿಂಗಳು ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡಳು. ಮಗು ಆಗ ಹುನಗುಂದದಲ್ಲಿ ನನ್ನ ಅಕ್ಕನ ಮನೆಯಲ್ಲಿತ್ತು. ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಅವಳಿಗೆ ಓದು ಬಾರದು, ಚಿತ್ರ ತಿಳಿಯುತ್ತದೆ. ಅದೊಂದನ್ನು ಬಿಡಿ. ಹೇಳಿದ ದಿನ ನಾನೇ ಬರೆಯುತ್ತೇನೆ, ಆಗ ಹಾಕಿರಿ.”

“ಮಾಸ್ತರು ಬರೀತಾರ ಅಂತ ಭಾಳ ದಿನ ದಾರಿ ನೋಡಿದ್ನಿರಿ,” ಎಂದರು ಮುರ್ತುಜಸಾಬರು. “ಬರೀಲಿಲ್ಲ. ಆ ಕೂಸಿಗೆ ಯಾರು ಹೇಳಿದ್ರೋ ಏನೋ.”

ಮಿಲಿಂದನೇ ಹೇಳಿದ: “ಅಜ್ಜಾರ, ಆ ಕೂಸು ಇಕಿನ.”

ಯಾರು ಹೇಳಿದರೆಂದು ನಿಮಗೆ ಗೊತ್ತು. ಮುಂದಿನ ಬೇಸಿಗೆಯಲ್ಲಿ, ಆಟದ ನಡುವೆ, ಪಕ್ಕದ ಮನೆಯ ನರ್ಗೀಸ ಹೇಳಿದಳು: “ನಿಮ್ಮವ್ವ ಸತ್ತಾಳಲ್ಲ, ಎಲ್ಲಾರಿಗೂ ಗೊತ್ತೈತಿ.” ಗಂಗಿಯ ಅವ್ವನ ಹಾಗೆ ಅಮ್ಮನೂ ಸೀರೆ ತರಲು ಹೋಗಿದ್ದಾಳೆಂದು ನಂಬಿ ಅಷ್ಟು ತಿಂಗಳು ನಾನು ಇಳಕಲ್ಲಿನ ಬಸ್ಸು ಕಾದಿದ್ದೆ. ಅವತ್ತು ಮನೆಗೆ ಬಂದು ನಿಮ್ಮ ಕೈಯಲ್ಲಿದ್ದ ಪೇಪರು ಹರಿದೆ. ಆಮೇಲೆ ಒಂದು ಭಾನುವಾರವೂ ನಿಮ್ಮಿಂದ ಓದಿಸಿಕೊಳ್ಳಲಿಲ್ಲ.

ಮುರ್ತುಜಸಾಬರು ಲಕೋಟೆಯನ್ನು ನನಗೇ ಕೊಟ್ಟಿದ್ದಾರೆ. ನಾನು ಬಿಚ್ಚಿಲ್ಲ. ಪುಸ್ತಕದಲ್ಲಿ ಆ ಪುಟ ಖಾಲಿ ಬಿಟ್ಟಿದ್ದೇನೆ. ಬರುವ ಭಾನುವಾರ ಬಾದಾಮಿಗೆ ಬರುತ್ತೇವೆ. ನೀವು ಬಿಚ್ಚಿ, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿ. ಗಂಗಿಯ ದನಿಯಲ್ಲೇ ಓದಬೇಕು.

ಬಿಪಿ ಗುಳಿಗೆ ಮರೆಯಬೇಡಿ. ದೂರದಿಂದಲೇ ನನ್ನ ತಲೆಯ ಮೇಲೊಮ್ಮೆ ಕೈ ಇಡಿ.

ನಿಮ್ಮ
ಗೌತಮಿ

ತಾ.ಕ.: ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ನೀವು ಕೂತು ಅವುಗಳ ಮೂಲೆಗೆ ಅರಿಷಿಣ ಹಚ್ಚುತ್ತಿದ್ದಿರಿ. ಅಮ್ಮನ ಹೆಸರಿನ ಮುಂದೆ ‘ದಿವಂಗತ’ ಎಂದಿತ್ತು. “ಅಂತೂ ಖರೇ ಬರದ್ರಲ್ಲಾ ಅಪ್ಪಾ, ಇಪ್ಪತ್ತು ವರ್ಷಕ್ಕ,” ಎಂದೆ. ಎಲ್ಲರೆದುರಿಗೆ, ನಗುತ್ತಾ. ನೀವು ತಲೆ ಎತ್ತಲಿಲ್ಲ. ಹಚ್ಚಿದ ಮೂಲೆಗೇ ಮತ್ತೆ ಹಚ್ಚಿದಿರಿ, ಮತ್ತೆ ಹಚ್ಚಿದಿರಿ. ನಾನು ನೋಡಿದ್ದೆ ಅಪ್ಪಾ. ನೋಡಿಯೂ ಎದ್ದು ಹೋಗಿದ್ದೆ.